ನೆಟ್ಟಣದಲ್ಲಿ ಬ್ಯಾಗು ಇಟ್ಟು ಹೋಗುತ್ತಿದ್ದ ಕಾಲ

ಕುಕ್ಕೆ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಬರುವವರು ಇಳಿಯುವುದು ನಮ್ಮ ನೆಟ್ಟಣದಲ್ಲಿ. ನಿಲ್ದಾಣದ ಹಲಗೆಯ ಮೇಲೆ ಸುಬ್ರಹ್ಮಣ್ಯ ರೋಡ್ ಎಂದಿದ್ದರೂ ದೇವಸ್ಥಾನಕ್ಕೆ ಇಲ್ಲಿಂದ ಇನ್ನೂ ಸುಮಾರು 12 ಕಿ.ಮೀ. ದಾರಿಯುಂಟು. ಆ ದಾರಿಯಿಂದಾಗಿಯೇ ಇಲ್ಲಿ ಒಂದು ಪದ್ಧತಿ ಬೆಳೆದಿತ್ತು. ರೈಲಿಳಿದವರು ಎದುರಿನ ಹೋಟೆಲಿಗೆ ಬಂದು, ಮುಖ ತೊಳೆದು, ಚಾ ಕುಡಿದು, ಭಾರದ ಸಾಮಾನೆಲ್ಲ ಅಲ್ಲೇ ಬಿಟ್ಟು, ಹಣ್ಣುಕಾಯಿಯ ಚೀಲ ಮಾತ್ರ ಹಿಡಿದುಕೊಂಡು ಜೀಪು ಹತ್ತುತ್ತಿದ್ದರು. ಸೇವೆ ಮುಗಿಸಿ ಮರಳುವಾಗ ಬ್ಯಾಗು ಎತ್ತಿಕೊಂಡು ಗಾಡಿ ಹಿಡಿಯುತ್ತಿದ್ದರು. ಬ್ಯಾಗು ಇಟ್ಟದ್ದಕ್ಕೆ ಬಾಡಿಗೆ ಇಲ್ಲ, ರಶೀದಿ ಇಲ್ಲ. ಆ ಪದ್ಧತಿ ಈಗ ಇಲ್ಲ. ಅದು ಬಂದ ಬಗೆ, ಹೋದ ಬಗೆ ಎರಡನ್ನೂ ಬರೆದಿಡಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಮಂಗಳೂರಿನಲ್ಲಿ ಬಾಂಬು ಸಿಡಿದಾಗ ಹೊರಡುವ ಕಟ್ಟೆಚ್ಚರ ಆ ನಗರಗಳಲ್ಲೇ ನಿಲ್ಲುವುದಿಲ್ಲ. ರೈಲು ಹಿಡಿದು ನಮ್ಮಂಥ ಸಣ್ಣ ಊರಿಗೂ ಬರುತ್ತದೆ, ಜನ ಜನರನ್ನು ನೋಡುವ ರೀತಿಯನ್ನೇ ಬದಲಿಸುತ್ತದೆ.

ನಮ್ಮ ಹೋಟೆಲು ರೈಲಿಗಿಂತ ಹಳೆಯದು. ಹಾಸನ–ಮಂಗಳೂರು ಹಳಿಯ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ಸುರಂಗ ಕೊರೆಯುವವರು, ಕಲ್ಲು ಒಡೆಯುವವರು, ಸೇತುವೆ ಕಟ್ಟುವವರು ಘಟ್ಟದ ಮೇಲಿನಿಂದಲೂ ಕೇರಳದಿಂದಲೂ ತಮಿಳುನಾಡಿನಿಂದಲೂ ಬಂದು ಬಿಳಿನೆಲೆಯ ಕಾಡಂಚಿನಲ್ಲಿ ಬಿಡಾರ ಹೂಡಿದ್ದರು. ಆಗ ನಮ್ಮದು ಪುತ್ತೂರು ತಾಲೂಕು. ಕಡಬ ತಾಲೂಕಾದದ್ದು ಮೊನ್ನೆ ಮೊನ್ನೆ. ಆ ಕೆಲಸಗಾರರಿಗೆ ಚಾ, ಅವಲಕ್ಕಿ, ಗಂಜಿ ಕೊಡಲೆಂದು ಅಪ್ಪ ಮುಳಿಹುಲ್ಲಿನ ಮಾಡು ಹಾಕಿ ಕೂತರು. ಕೂಲಿ ಕೈಗೆ ಬಂದಾಗ ಊರಿಗೆ ಹೋಗಿಬರುವವರು ತಮ್ಮ ತಗಡಿನ ಪೆಟ್ಟಿಗೆಯನ್ನು ಅಪ್ಪನ ವಶಕ್ಕೆ ಕೊಟ್ಟು ಹೋಗುತ್ತಿದ್ದರು. ಪದ್ಧತಿಯ ಮೂಲ ಅಲ್ಲಿದೆ. ಭಕ್ತರು ಬರುವ ಮೊದಲೇ ಕೂಲಿಯವರು ಅದನ್ನು ಶುರುಮಾಡಿದ್ದರು.

1979ರಲ್ಲಿ ಮೀಟರ್ ಗೇಜ್ ಹಳಿ ಪೂರ್ತಿಯಾಗಿ ಮಂಗಳೂರಿಗೂ ಹಾಸನಕ್ಕೂ ಗಾಡಿ ಓಡಿತು. ನೆಟ್ಟಣದಿಂದ ಮೇಲಕ್ಕೆ ಹಳಿ ಘಟ್ಟ ಹತ್ತುತ್ತದೆ: ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್, ಆಮೇಲೆ ಸಕಲೇಶಪುರ. ನಡುವೆ 57 ಸುರಂಗಗಳು. ಪ್ರತಿ 50 ಅಡಿಗೆ ಒಂದು ಅಡಿ ಏರುವ ಹಳಿ ಅದು. ಮೇಲೆ ಹೋಗುವ ಗಾಡಿಗೆ ಹಿಂದಿನಿಂದ ನೂಕಲು ಇಲ್ಲಿ ಬೇರೆ ಎಂಜಿನ್ ಜೋಡಿಸುತ್ತಾರೆ. ಅಷ್ಟು ಹೊತ್ತು ಗಾಡಿ ನಿಲ್ಲುತ್ತದೆ, ಜನ ಇಳಿಯುತ್ತಾರೆ, ಚಾ ಕೇಳುತ್ತಾರೆ. ನೆಟ್ಟಣದ ಹೋಟೆಲು, ಜೀಪು, ರಿಕ್ಷಾ, ಹಣ್ಣಿನ ಬುಟ್ಟಿ ಎಲ್ಲದರ ಅನ್ನ ಅಪರಿಚಿತರಿಂದಲೇ ಬರುವಂಥದ್ದು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತು ಅರ್ಥವಾಗುತ್ತದೆ. ಗುರುತಿಲ್ಲದವರನ್ನು ಕಂಡರೆ ಹೆದರುವ ಊರು ಬೇರೆ ಎಲ್ಲಾದರೂ ಬದುಕೀತು, ನಮ್ಮದು ಬದುಕಲಾರದು.

ಅಡುಗೆಮನೆಗೂ ಊಟದ ಮೇಜುಗಳಿಗೂ ನಡುವೆ ಒಂದು ಜಾಗಕ್ಕೆ ಮನೆಯಲ್ಲಿ ಸಾಮಾನಿನ ಮೂಲೆ ಎಂಬ ಹೆಸರಿತ್ತು. ಕಬ್ಬಿಣದ ಟ್ರಂಕು, ಹೋಲ್ಡಾಲು, ಪ್ಲಾಸ್ಟಿಕ್ ಬುಟ್ಟಿ, ಮಗುವಿನ ಜೋಳಿಗೆ, ಮರಳಿ ಹೋಗುವವರು ಒಂದು ಗಾಡಿಯ ಮಟ್ಟಿಗೆ ಇಟ್ಟ ತೆಂಗಿನಕಾಯಿಯ ಗೋಣಿ. ಪುತ್ತೂರಿನ ಬಸ್ಸಿಗೆ ಕಾಯುವ ನಮ್ಮೂರಿನವರ ಅಡಿಕೆ ಮೂಟೆಯೂ ಅಲ್ಲೇ. ಅಮ್ಮ ಒಂದೊಂದಕ್ಕೂ ಬಾಳೆಯ ನಾರಿನಲ್ಲಿ ಸಿಗರೇಟು ಪ್ಯಾಕಿನ ರಟ್ಟಿನ ಚೂರು ಕಟ್ಟುತ್ತಿದ್ದರು, ಅಪ್ಪ ಅದರ ಮೇಲೆ ಬರೆಯುತ್ತಿದ್ದರು: ‘ಅರಸೀಕೆರೆ, ಮೂವರು, ಅಜ್ಜಿಗೆ ಕನ್ನಡಕ’, ‘ಹಾಸನ, ಗಂಡ ಹೆಂಡತಿ, ನೀಲಿ ಟ್ರಂಕು, ನಾಳೆ’. ಸರ್ಪಸಂಸ್ಕಾರಕ್ಕೆ ಎರಡು ದಿನ ಬೇಕು, ಆಶ್ಲೇಷಾಬಲಿಯವರು ಅದೇ ದಿನ ಹಿಂತಿರುಗುತ್ತಾರೆ. ಆದ್ದರಿಂದ ‘ನಾಳೆ’ ಎಂದು ಬರೆದ ಚೀಟಿಯ ಸಾಮಾನು ಒಳಗೆ, ಉಳಿದದ್ದು ಹೊರಗೆ. ಯಾರ ಹೆಸರನ್ನೂ ಅಪ್ಪ ಬರೆದವರಲ್ಲ. ಕೇಳಿದವರೂ ಅಲ್ಲ.

ಈ ಮೂಲೆಗೆ ಮೊದಲ ಹೆದರಿಕೆ ಬಂದದ್ದು ರೇಡಿಯೋದಿಂದ. 1985ರ ಮೇ 10ರಂದು ದಿಲ್ಲಿಯಲ್ಲೂ ಉತ್ತರ ಭಾರತದ ಬೇರೆ ಊರುಗಳಲ್ಲೂ ಬಸ್ಸು, ರೈಲುಗಳಲ್ಲಿ ಟ್ರಾನ್ಸಿಸ್ಟರ್ ಒಳಗೆ ಅಡಗಿಸಿದ್ದ ಬಾಂಬುಗಳು ಸಿಡಿದು ಹತ್ತಾರು ಜನ ಸತ್ತರು. ಬಿದ್ದಿರುವ ರೇಡಿಯೋ, ಆಟಿಕೆ, ಚೀಲ ಮುಟ್ಟಬೇಡಿ ಎಂಬ ಮಾತು ಆಮೇಲೆ ದೇಶದುದ್ದಕ್ಕೂ ಹರಡಿತು. ಆಗ ನಾನು ಶಾಲೆಗೆ ಹೋಗುವ ಹುಡುಗಿ. ಅಪ್ಪ ಒಂದು ನಿಯಮ ಮಾಡಿದರು. ಸಾಮಾನಿನಲ್ಲಿ ರೇಡಿಯೋ ಇದ್ದರೆ ಮೂಲೆಗೆ ಹೋಗುವ ಮೊದಲು ಅದನ್ನು ಹಾಕಿ ತೋರಿಸಬೇಕು. ಜನ ಹಾಗೇ ಮಾಡಿದರು, ಯಾರಿಗೂ ಅವಮಾನ ಆಗಲಿಲ್ಲ. ಹೆದರಿಕೆ ಒಂದು ವಸ್ತುವಿನ ಮೇಲಿತ್ತು, ವಸ್ತುವನ್ನು ನೋಡಿದ ಕೂಡಲೇ ಮುಗಿಯುತ್ತಿತ್ತು.

1991ರದ್ದು ಬೇರೆ ತರಹ. ಆ ಮೇ 21ರಂದು ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಹಂತಕರ ತಂಡ ಕರ್ನಾಟಕಕ್ಕೆ ಬಂದು ಬಾಡಿಗೆ ಮನೆಗಳಲ್ಲಿ ಅಡಗಿತ್ತು. ಮಂಡ್ಯ ಜಿಲ್ಲೆಯ ಮುತ್ತತ್ತಿ, ಬಿರೂಟ ಎಂಬ ಹಳ್ಳಿಗಳ ಹೆಸರು ಪೇಪರಿನಲ್ಲಿ ಬಂತು. ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯಲ್ಲಿ ಶಿವರಾಸನ್ ಮತ್ತು ಜೊತೆಯವರು ಸತ್ತು ಸಿಕ್ಕಿದರು. ಅಲ್ಲಿಯವರೆಗಿನ ಮೂರು ತಿಂಗಳು ಒಕ್ಕಣ್ಣಿನ ಶಿವರಾಸನ್‌ನ ಚಿತ್ರ ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಗೋಡೆಯ ಮೇಲಿತ್ತು. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಪಟ್ಟಿ ಕಟ್ಟಿದ್ದ ಒಬ್ಬ ಮುದುಕರು ಗಾಡಿಯಿಂದ ಇಳಿದಾಗ ನಮ್ಮೂರಿನ ಹುಡುಗರೇ ಅವರನ್ನು ಸುತ್ತುವರಿದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಕನ್ನಡ ಸರಿಯಾಗಿ ಬಾರದ ತಮಿಳರು ಅವರು. ಬೆವತುಹೋಗಿದ್ದರು. ಅಪ್ಪ ಹೋಗಿ ಅವರ ಕೈಹಿಡಿದು ಕರೆತಂದು ಬೆಂಚಿನ ಮೇಲೆ ಕೂರಿಸಿದರು. “ಇವರ ಮೊಮ್ಮಗಳು ಹಿಂದಿನ ಬೋಗಿಯಿಂದ ಇಳಿಯುತ್ತಿದ್ದಾಳೆ, ನೋಡಿ, ಅಷ್ಟು ಅವಸರ ಎಂತದ್ದು ನಿಮಗೆ?” ಎಂದು ಹುಡುಗರನ್ನು ಕೇಳಿದರು. ಹೆದರಿಕೆ ವಸ್ತುವನ್ನು ಬಿಟ್ಟು ಮನುಷ್ಯನ ಮುಖಕ್ಕೆ, ಮಾತಿಗೆ ಹತ್ತಿದ್ದನ್ನು ನಾನು ಮೊದಲು ಕಂಡದ್ದು ಆ ದಿನ.

1996ರಲ್ಲಿ ಬ್ರಾಡ್ ಗೇಜ್ ಮಾಡಲೆಂದು ಹಳಿ ಮುಚ್ಚಿದರು. ಗಾಡಿ ಇಲ್ಲದ ರೈಲು ನಿಲ್ದಾಣದ ಎದುರು ಹೋಟೆಲು ನಡೆಸುವುದು ಕಷ್ಟವಾಯಿತು. ಆ ಕಾಲದಲ್ಲಿ ನಮ್ಮನ್ನು ಉಳಿಸಿದ್ದು ಬೆಂಗಳೂರಿನಿಂದ ಚಾರಣಕ್ಕೆ ಬರುತ್ತಿದ್ದ ಹುಡುಗರು. ದೋಣಿಗಲ್ ಕಡೆಯಿಂದ ಗಾಡಿಯಿಲ್ಲದ ಹಳಿ ಹಿಡಿದು, ಸುರಂಗಗಳಲ್ಲಿ ಟಾರ್ಚು ಹಾಕಿಕೊಂಡು, ಎಡಕುಮೇರಿಯಲ್ಲಿ ರಾತ್ರಿ ಕಳೆದು ಇತ್ತ ಇಳಿಯುತ್ತಿದ್ದರು. ಸೋತು ಬಂದವರು ಬೆನ್ನಿನ ಚೀಲ ಮೂಲೆಯಲ್ಲಿ ಹಾಕಿ ಕುಕ್ಕೆಗೆ ಹೋಗಿ ಬರುತ್ತಿದ್ದರು. ಚೀಲದಲ್ಲಿ ಏನಿದೆ ಎಂದು ಆಗಲೂ ಯಾರೂ ಕೇಳಲಿಲ್ಲ. ಕೆಸರಿನ ಬೂಟು, ಒದ್ದೆ ಕಂಬಳಿ ಎಂದು ವಾಸನೆಯಿಂದಲೇ ತಿಳಿಯುತ್ತಿತ್ತು.

2006ರಲ್ಲಿ ಗೂಡ್ಸ್ ಗಾಡಿ ಓಡಿತು. 2007ರ ಡಿಸೆಂಬರಿನಲ್ಲಿ ಬೆಂಗಳೂರಿನ ಪ್ರಯಾಣಿಕರ ಗಾಡಿ ಬಂತು. ಅಷ್ಟು ವರ್ಷ ಕಾದ ಊರಿಗೆ ಅದು ಹಬ್ಬವೇ. ಮೂಲೆಗೆ ಹೊಸ ಸುಣ್ಣ ಬಳಿದೆವು, ಅಟ್ಟಳಿಗೆ ಹಾಕಿಸಿದೆವು. ಆದರೆ ಅದೇ ಗಾಡಿಯಲ್ಲಿ ಎಂಟು ತಿಂಗಳೊಳಗೆ ಕಟ್ಟೆಚ್ಚರವೂ ಬಂತು. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟ. ಮಡಿವಾಳದ ಬಸ್ ತಂಗುದಾಣದಲ್ಲಿ ನಿಂತಿದ್ದ ಒಬ್ಬ ಮಹಿಳೆ ತೀರಿಕೊಂಡರು. ಮರುದಿನ ಅಹಮದಾಬಾದಿನಲ್ಲಿ ಸ್ಫೋಟ. ನವೆಂಬರ್ 26ರಂದು ಮುಂಬಯಿಯ ದಾಳಿ. ಗುಂಡು ಹಾರಿದ ಜಾಗಗಳಲ್ಲಿ ಒಂದು ರೈಲು ನಿಲ್ದಾಣ. ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಸತ್ತವರು ಹೆಗಲ ಮೇಲೆ ಚೀಲ ಹಾಕಿಕೊಂಡು ಊರಿಗೆ ಹೊರಟಿದ್ದ ಜನ. ಟಿ.ವಿ.ಯಲ್ಲಿ ಆ ಪ್ಲಾಟ್‌ಫಾರಂ ಮೇಲೆ ಚೆಲ್ಲಿದ್ದ ಚೀಲಗಳನ್ನು ಕಂಡು ಅಮ್ಮ ಎದ್ದು ಒಳಗೆ ಹೋದರು. ನಮ್ಮ ಮೂಲೆಯಲ್ಲಿ ಇರುತ್ತಿದ್ದುದೂ ಅಂಥವೇ ಚೀಲಗಳು.

ಜುಲೈಯಿಂದ ನವೆಂಬರಿನವರೆಗೆ ನಾವು ಬ್ಯಾಗು ಬಿಚ್ಚಿ ತೋರಿಸಿ ಇಡಿ ಎಂದು ಕೇಳತೊಡಗಿದ್ದೆವು. ರೇಡಿಯೋ ಹಾಕಿ ತೋರಿಸಿದಷ್ಟು ಸುಲಭದ್ದಲ್ಲ ಇದು. ಕುಕ್ಕೆಗೆ ಬರುವವರು ತಮ್ಮ ಮನೆಯ ಕಷ್ಟ ಹೊತ್ತುಕೊಂಡು ಬರುತ್ತಾರೆ. ಮಕ್ಕಳಾಗದವರು, ಚರ್ಮದ ಕಾಯಿಲೆಯವರು, ಮಗಳಿಗೆ ಸಂಬಂಧ ಕೂಡಿಬಾರದವರು. ಬ್ಯಾಗು ಬಿಚ್ಚಿದರೆ ಆಸ್ಪತ್ರೆಯ ಫೈಲು, ಸ್ಕ್ಯಾನಿಂಗ್ ಚಿತ್ರ, ಮುಲಾಮಿನ ಬಾಟಲಿ, ಇನ್ನೂ ಹುಟ್ಟದ ಮಗುವಿಗೆ ಹರಕೆಯೆಂದು ತಂದ ಬೆಳ್ಳಿಯ ತೊಟ್ಟಿಲು. ಒಬ್ಬ ಹೆಂಗಸು ಬ್ಯಾಗಿನ ಜಿಪ್ಪು ಅರ್ಧ ತೆರೆದು, ಮತ್ತೆ ಹಾಕಿ, “ಬೇಡಿ ಅಕ್ಕಾ, ನಾನೇ ಹೊತ್ತುಕೊಂಡು ಹೋಗ್ತೇನೆ” ಎಂದು ನಡೆದುಬಿಟ್ಟರು. ಆಕೆಯ ಜೊತೆ ವಯಸ್ಸಾದ ಅತ್ತೆ ಇದ್ದರು. ತೋರಿಸಬಾರದ ದುಃಖವನ್ನು ತೋರಿಸು ಎಂದು ಕೇಳುವ ಅಧಿಕಾರ ನನಗೆ ಯಾರು ಕೊಟ್ಟದ್ದು ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂಬಯಿಯ ನಂತರ ಮೂಲೆಯನ್ನು ಮುಚ್ಚಿದೆವು. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ತಿಳಿಸಿ ಎಂಬ ಘೋಷಣೆ ನಿಲ್ದಾಣಗಳಲ್ಲಿ ಪ್ರತಿ ಗಾಡಿಯ ಹೊತ್ತಿಗೂ ಮೊಳಗುವಾಗ, ಎದುರಿನ ಹೋಟೆಲಿನಲ್ಲಿ ವಾರಸುದಾರರು ಬಿಟ್ಟುಹೋದ ಸಾಮಾನು ಗುಡ್ಡೆ ಹಾಕಿ ಇಡುವುದು ಸರಿಯಲ್ಲ ಎಂದು ಅಪ್ಪನೇ ಹೇಳಿದರು. ಸಿಗರೇಟು ರಟ್ಟಿನ ಚೀಟಿಗಳ ಡಬ್ಬಿ ಅಟ್ಟಕ್ಕೆ ಹೋಯಿತು. ಆಮೇಲೆ ಜನ ಭಾರ ಹೊತ್ತುಕೊಂಡೇ ಕುಕ್ಕೆಗೆ ಹೋಗಿ ಬರತೊಡಗಿದರು. ಜೀಪಿನವರು ಮೇಲೆ ಕ್ಯಾರಿಯರ್ ಹಾಕಿಸಿಕೊಂಡರು. ನಮ್ಮಲ್ಲಿ ಚಾ ಕುಡಿಯುವವರು ಕಡಿಮೆಯಾದರು, ಯಾಕೆಂದರೆ ಬ್ಯಾಗು ಇಟ್ಟವರು ಮರಳಿ ಬರಲೇಬೇಕಿತ್ತು, ಹೊತ್ತು ಹೋದವರಿಗೆ ಆ ಕಟ್ಟು ಇರಲಿಲ್ಲ.

ಮುಂಬಯಿಗೆ ದಾಳಿಕೋರರು ಕಡಲ ದಾರಿಯಲ್ಲಿ ಬಂದಿದ್ದರಿಂದ ಕರಾವಳಿಯ ಬದುಕೂ ಬದಲಾಯಿತು. ನಮ್ಮ ರಾಜ್ಯದ ಸುಮಾರು 320 ಕಿ.ಮೀ. ಕಡಲತೀರಕ್ಕೆ ಕರಾವಳಿ ಕಾವಲು ಪೊಲೀಸರ ಠಾಣೆಗಳು ಬಲಗೊಂಡವು, ಮೀನುಗಾರರಿಗೆ ಬೆರಳಚ್ಚಿನ ಗುರುತಿನ ಚೀಟಿ ಬಂತು, ‘ಸಾಗರ ಕವಚ’ ಎಂಬ ಅಣಕು ಕಾರ್ಯಾಚರಣೆ ಶುರುವಾಯಿತು. ಉಗ್ರರ ವೇಷದ ಸಿಬ್ಬಂದಿ ದೋಣಿಯಲ್ಲಿ ಬಂದು ದಡ ಸೇರಲು ನೋಡುತ್ತಾರೆ, ಇತ್ತಲಿನವರು ಅವರನ್ನು ಹಿಡಿಯಬೇಕು. ಆ ದಿನಗಳಲ್ಲಿ ದಾರಿಯ ನಾಕಾಬಂದಿಗಳಲ್ಲಿ ವಾಹನ ತಪಾಸಣೆ ಇರುತ್ತದೆ, ಮಂಗಳೂರಿನ ಬಂದರಿನಿಂದ ಕಡಬದ ಕಡೆಗೆ ಬರುವ ಮೀನಿನ ಗಾಡಿ ತಡವಾಗುತ್ತದೆ. ತಡವಾದರೆ ಇಂದು ಸಾಗರ ಕವಚ ಇರಬೇಕು ಎಂದು ಹೆಂಗಸರು ಮಾತಾಡಿಕೊಳ್ಳುವುದು ನಮ್ಮಲ್ಲಿ ಮಾಮೂಲಿ. ಇಂಥ ತಪಾಸಣೆಗೆ ಯಾರೂ ಗೊಣಗುವುದಿಲ್ಲ. ಇಂಥ ದಿನ ಶುರುವಾಯಿತು, ಇಂಥ ದಿನ ಮುಗಿಯಿತು ಎಂದಿರುತ್ತದೆ. ಹಿಂದೂವಿನ ಮೀನಿನ ಗಾಡಿ, ಬ್ಯಾರಿಗಳ ಮೀನಿನ ಗಾಡಿ ಎಂದು ವಿಂಗಡಿಸದೆ ಎಲ್ಲವನ್ನೂ ನಿಲ್ಲಿಸುತ್ತಾರೆ.

2012ರ ಆಗಸ್ಟಿನಲ್ಲಿ ಬಾಂಬು ಎಲ್ಲೂ ಸಿಡಿಯಲಿಲ್ಲ. ಬರೀ ಮೊಬೈಲಿನ ಸಂದೇಶಗಳಿಂದ ಬೆಂಗಳೂರು ನಡುಗಿತು. ಈಶಾನ್ಯದ ಜನರ ಮೇಲೆ ದಾಳಿಯಾಗಲಿದೆ ಎಂಬ ಸುಳ್ಳು ಹರಡಿ ಸಾವಿರಾರು ಜನ ಬೆಂಗಳೂರಿನ ನಿಲ್ದಾಣದಲ್ಲಿ ಗುವಾಹಟಿಯ ವಿಶೇಷ ರೈಲುಗಳಿಗೆ ಮುತ್ತಿದರು. ಸರಕಾರ ಒಂದು ಮೊಬೈಲಿನಿಂದ ದಿನಕ್ಕೆ ಐದೇ ಸಂದೇಶ ಎಂದು 15 ದಿನಗಳ ಮಿತಿ ಹಾಕಬೇಕಾಯಿತು. ನಮ್ಮ ಅಡುಗೆಮನೆಯಲ್ಲಿ ಆಗ ಅಸ್ಸಾಮಿನ ಒಬ್ಬ ಹುಡುಗನಿದ್ದ. ದೋಸೆ ಕಾವಲಿ ಅವನ ಕೈಯಲ್ಲಿ ಪಳಗಿತ್ತು. ಇಲ್ಲಿ ಅವನನ್ನು ಯಾರೂ ಏನೂ ಅಂದಿರಲಿಲ್ಲ, ಆದರೂ ಬೆಂಗಳೂರಿನ ಗೆಳೆಯರು ಕರೆ ಮಾಡಿ ಮಾಡಿ ಅವನ ಮುಖ ಬಿಳುಚಿಹೋಗಿತ್ತು. “ಹೋಗ್ತೇನೆ ಅಕ್ಕಾ, ಟ್ರಂಕು ಗಾಡಿಯಲ್ಲಿ ಹಿಡಿಯುವುದಿಲ್ಲ, ಇಲ್ಲಿ ಇಟ್ಟುಕೊಳ್ಳುತ್ತೀರಾ?” ಎಂದ. ನಾಲ್ಕು ವರ್ಷ ಖಾಲಿ ಬಿದ್ದಿದ್ದ ಮೂಲೆಯನ್ನು ಒರೆಸಿ ಅವನ ಟ್ರಂಕು ಇಟ್ಟೆ. ದೀಪಾವಳಿ ಕಳೆದ ಮೇಲೆ ಅವನು ಬಂದ. ಟ್ರಂಕು ಇಟ್ಟಲ್ಲೇ ಇತ್ತು. ಊರು ಬಿಟ್ಟು ಓಡಿದವನು ಇಲ್ಲಿ ನಂಬಿಕೆ ಇಟ್ಟು ಓಡಿದ್ದ. ಅಪರಿಚಿತರನ್ನು ನಾವು ನಂಬಬೇಕೋ ಬೇಡವೋ ಎಂದಷ್ಟೇ ಚರ್ಚೆ ಮಾಡುತ್ತೇವೆ. ಅಪರಿಚಿತರು ನಮ್ಮನ್ನು ನಂಬಿ ಬಂದಿದ್ದಾರೆ ಎಂಬುದು ಆ ಚರ್ಚೆಯಲ್ಲಿ ಬರುವುದೇ ಇಲ್ಲ.

ಮಂಗಳೂರಿನ ಎರಡು ಪ್ರಕರಣಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಬೇಕು. 2020ರ ಜನವರಿ 20ರಂದು ಬಜ್ಪೆ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಹತ್ತಿರ ಒಂದು ಬ್ಯಾಗು ಬಿದ್ದಿತ್ತು. ಭದ್ರತಾ ಪಡೆಯವರು ಅದನ್ನು ಗಮನಿಸಿ, ಜನರನ್ನು ದೂರ ಸರಿಸಿ, ಕೆಂಜಾರಿನ ಬಯಲಿಗೆ ಒಯ್ದು ಸ್ಫೋಟಿಸಿದರು. ಯಾರಿಗೂ ಏನೂ ಆಗಲಿಲ್ಲ. ಎರಡು ದಿನ ಊರಲ್ಲೆಲ್ಲ ಇದು ಯಾರ ಕೆಲಸ ಎಂದು ಜಾತಿ ಧರ್ಮ ಹಿಡಿದು ಊಹೆಗಳು ಓಡಿದವು. ಮೂರನೆಯ ದಿನ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದವನು ಮಣಿಪಾಲದವನು, ಓದಿದವನು, ಹಿಂದೆ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹುಸಿ ಬಾಂಬು ಕರೆ ಮಾಡಿ ಜೈಲು ಕಂಡು ಬಂದವನು. ಊಹೆ ಮಾಡಿದವರ ಪಟ್ಟಿಯಲ್ಲಿ ಅಂಥ ಹೆಸರೇ ಇರಲಿಲ್ಲ. 2022ರ ಮಾರ್ಚಿನಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ 20 ವರ್ಷಗಳ ಶಿಕ್ಷೆ ಕೊಟ್ಟಿತು.

ಅದೇ ವರ್ಷ ನವೆಂಬರ್ 19ರ ಸಂಜೆ ಕಂಕನಾಡಿ ಗರೋಡಿಯ ಹತ್ತಿರ ಓಡುತ್ತಿದ್ದ ರಿಕ್ಷಾದೊಳಗೆ ಸ್ಫೋಟವಾಯಿತು. ಪ್ರಯಾಣಿಕನ ಬ್ಯಾಗಿನಲ್ಲಿ ಕುಕ್ಕರಿನೊಳಗೆ ಬಾಂಬು. ದಾರಿಯಲ್ಲಿ ಕೈ ತೋರಿಸಿದವನನ್ನು ಹತ್ತಿಸಿಕೊಂಡ ಚಾಲಕರು ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಇದು ಆಕಸ್ಮಿಕವಲ್ಲ, ಭಯೋತ್ಪಾದನೆ ಎಂದು ಪೊಲೀಸ್ ಮಹಾನಿರ್ದೇಶಕರು ಮರುದಿನ ಹೇಳಿದರು. ತನಿಖೆ ರಾಷ್ಟ್ರೀಯ ತನಿಖಾ ದಳಕ್ಕೆ ಹೋಯಿತು. ಆರೋಪಿ ಬೇರೊಬ್ಬರು ಕಳೆದುಕೊಂಡಿದ್ದ ಆಧಾರ್ ಕಾರ್ಡು ಇಟ್ಟುಕೊಂಡು, ಬೇರೆ ಧರ್ಮದ ಆ ಹೆಸರಿನಲ್ಲೇ ಮೈಸೂರಿನಲ್ಲಿ ಕೋಣೆ ಬಾಡಿಗೆ ಹಿಡಿದಿದ್ದ. ಹೆಸರು ಕೇಳಿ, ಕಾರ್ಡು ನೋಡಿ ಸಮಾಧಾನ ಪಟ್ಟುಕೊಳ್ಳುವವರನ್ನು ಮೋಸ ಮಾಡುವ ದಾರಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ಪ್ರಕರಣಗಳಲ್ಲೂ ಹೆಸರು ನೋಡಿದ ಕಣ್ಣು ಸೋತಿದೆ. ಮೊದಲನೆಯದರಲ್ಲಿ ಬಿದ್ದಿದ್ದ ಬ್ಯಾಗನ್ನು ಬ್ಯಾಗೆಂದು ನೋಡಿದ ಕಣ್ಣು ಗೆದ್ದಿದೆ. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ.

ಆ ನವೆಂಬರಿನಲ್ಲಿ ಮಂಗಳೂರು ಹೇಗಿತ್ತು ಎಂಬುದನ್ನು ನಾನು ಹೋಗಿ ಕಂಡೆ. 29ಕ್ಕೆ ಚಂಪಾಷಷ್ಠಿ, ಕುಕ್ಕೆಯಲ್ಲಿ ಬ್ರಹ್ಮರಥೋತ್ಸವ, ನೆಟ್ಟಣಕ್ಕೆ ವರ್ಷದ ದೊಡ್ಡ ಜನಸಂದಣಿ. ಹೋಟೆಲಿಗೆ ದೊಡ್ಡ ಕುಕ್ಕರ್ ಬೇಕಿತ್ತು, ಮುಂದೆ ಹಾಕುವಂತಿರಲಿಲ್ಲ. ಪಂಪ್‌ವೆಲ್‌ನಲ್ಲಿ ಪೊಲೀಸರು ರಿಕ್ಷಾಗಳ ಹಿಂದಿನ ಸೀಟು ಎತ್ತಿಸಿ ನೋಡುತ್ತಿದ್ದರು. ಹಂಪನಕಟ್ಟೆಯಲ್ಲಿ ಕಾಲೇಜು ಮಕ್ಕಳು ಬೆನ್ನಿನ ಚೀಲವನ್ನು ಎದೆಗೆ ತಿರುಗಿಸಿ ಹಾಕಿಕೊಂಡು ನಡೆಯುತ್ತಿದ್ದರು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಯಾರೋ ನೆಲಕ್ಕಿಟ್ಟ ಪಾರ್ಸೆಲಿನ ಸುತ್ತ ಜನ ತಾವಾಗಿ ದೂರ ಸರಿದು ನಿಂತರು. ಅಡಿಕೆ ಹಾಳೆಯ ತಟ್ಟೆಗಳ ಕಟ್ಟು ಅದು, ಒಡೆಯ ಎಲೆಅಡಿಕೆ ತರಲು ಹೋಗಿದ್ದರಂತೆ. ಅಂಗಡಿಗಳು ತೆರೆದಿದ್ದವು, ಬಸ್ಸುಗಳು ತುಂಬಿ ಓಡುತ್ತಿದ್ದವು, ಕಂಡಕ್ಟರುಗಳ ಕೂಗು ಹಾಗೇ ಇತ್ತು. ಆದರೆ ಪ್ರತಿಯೊಬ್ಬರ ಕೈ ತಮ್ಮ ತಮ್ಮ ಚೀಲದ ಮೇಲಿತ್ತು.

ಪಾತ್ರೆಯಂಗಡಿಯವರು ಹಳೆಯ ಪರಿಚಯದವರು. ಕುಕ್ಕರ್ ಕಟ್ಟಿಕೊಡದೆ, “ಬಿಲ್ಲು ಕೈಯಲ್ಲೇ ಹಿಡ್ಕೊಳ್ಳಿ ಅಕ್ಕಾ, ಮುಚ್ಚಳ ಬೇರೆ ಇಡಿ, ಕಾಣುವ ಹಾಗೆ ತೆಗೊಂಡು ಹೋಗಿ” ಎಂದರು. ಉಪ್ಪಿನಂಗಡಿ, ಕಡಬದ ದಾರಿಯುದ್ದಕ್ಕೂ ಮುಚ್ಚಳವಿಲ್ಲದ ಕುಕ್ಕರನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಬುರ್ಖಾ ಹಾಕಿದ ಒಬ್ಬ ಹುಡುಗಿ ಕೂತಿದ್ದಳು. ಅವಳ ಕೈಯಲ್ಲಿ ಸಣ್ಣ ಬಟ್ಟೆ ಚೀಲ, ಮದುವೆಗೆ ಹೊಲಿಸಿದ ಬಟ್ಟೆಯಿದ್ದದ್ದು. ಹಿಂದಿನ ಸೀಟಿನವರು ಅವಳ ಚೀಲವನ್ನು ನೋಡಿದಷ್ಟು ನನ್ನ ಕುಕ್ಕರನ್ನು ನೋಡಲಿಲ್ಲ. ಸ್ಫೋಟವಾದದ್ದು ಕುಕ್ಕರಿನಲ್ಲಿ, ಕುಕ್ಕರ್ ಇದ್ದದ್ದು ನನ್ನ ಮಡಿಲಲ್ಲಿ. ಅವಳು ಚೀಲವನ್ನು ಬಿಚ್ಚಿ, ಮಡಿಸಿದ ಬಟ್ಟೆ ಎಲ್ಲರಿಗೂ ಕಾಣುವಂತೆ ಮೇಲೆ ಇಟ್ಟುಕೊಂಡಳು. ಯಾರೂ ಕೇಳಿರಲಿಲ್ಲ. ಕೇಳದಿದ್ದರೂ ತೋರಿಸಬೇಕು ಎಂದು ಅವಳಿಗೆ ಗೊತ್ತಿತ್ತು. ಹದಿನೆಂಟರ ಹುಡುಗಿಗೆ ನಾವು ಕಲಿಸಿದ ಪಾಠ ಇದು. ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಅದೇ ವರ್ಷದ ಜುಲೈಯ ಗಾಯ ಆಗಿನ್ನೂ ಮಾಗಿರಲಿಲ್ಲ. ಒಂದೇ ತಿಂಗಳಲ್ಲಿ ಸುಳ್ಯ ತಾಲೂಕಿನ ಕಳಂಜದ ಮಸೂದ್, ಬೆಳ್ಳಾರೆಯಲ್ಲಿ ಪ್ರವೀಣ್ ನೆಟ್ಟಾರು, ಸುರತ್ಕಲ್‌ನಲ್ಲಿ ಫಾಝಿಲ್ ಕೊಲೆಯಾದರು. ಪ್ರವೀಣ್ ಪ್ರಕರಣ ರಾಷ್ಟ್ರೀಯ ತನಿಖಾ ದಳಕ್ಕೆ ಹೋಯಿತು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ನಿಷೇಧಾಜ್ಞೆ ಬಂತು. ಆಮೇಲೆ ಜಿಲ್ಲೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಅಂಗಡಿ ಮುಚ್ಚಬೇಕೆಂಬ ಆದೇಶ. ಬೈಕಿನ ಹಿಂದೆ ಗಂಡಸರು ಕೂರಬಾರದೆಂಬ ಮಾತು ಬಂದು ಒಂದೇ ದಿನದಲ್ಲಿ ವಾಪಸು ಹೋಯಿತು. ನಮ್ಮ ಬಾಗಿಲೂ ಸಂಜೆಯೇ ಹಾಕಿತು. ರೈಲಿಗೆ ಮಾತ್ರ ಆದೇಶ ಇರಲಿಲ್ಲ. ಬೆಂಗಳೂರಿನ ಗಾಡಿಗಳು ಬೆಳಗಿನ ಜಾವಕ್ಕೆ ಮೊದಲೇ ಬಂದು ಜನರನ್ನು ಇಳಿಸಿದವು. ಆಷಾಢ ಶ್ರಾವಣದ ಮಳೆ, ಕೈಕೂಸುಗಳು, ಕುಡಿಯಲು ಬಿಸಿನೀರಿಲ್ಲ. ರಿಕ್ಷಾ ಪಾರ್ಕಿನಲ್ಲಿ ಎಲ್ಲ ಜಾತಿಯ ಹುಡುಗರಿದ್ದಾರೆ. ಆ ರಾತ್ರಿಗಳಲ್ಲಿ ಅವರು ಸರದಿ ಹಾಕಿಕೊಂಡು ಜನರನ್ನು ಕುಕ್ಕೆಗೆ ಮುಟ್ಟಿಸಿದರು. ಒಬ್ಬೊಬ್ಬರೇ ಹೋಗದೆ ಎರಡು ರಿಕ್ಷಾ ಜೊತೆಯಾಗಿ ಹೋಗಿ ಜೊತೆಯಾಗಿ ಬರುವುದೆಂದು ತಾವೇ ಗೊತ್ತುಮಾಡಿಕೊಂಡರು. ಜೊತೆಯಾಗುವ ಇಬ್ಬರಲ್ಲಿ ಒಬ್ಬ ಹಿಂದೂ, ಒಬ್ಬ ಮುಸ್ಲಿಂ ಇರಲಿ ಎಂದು ಹೇಳಿದ್ದು ಪಾರ್ಕಿನ ಹಿರಿಯರು. ಅದಕ್ಕೆ ಯಾವ ಆದೇಶದ ಪ್ರತಿಯೂ ಇರಲಿಲ್ಲ.

ಕಾಡಿನ ಕಡೆಯಿಂದಲೂ ನಮಗೆ ಕಟ್ಟೆಚ್ಚರ ಬಂದಿದೆ. 2024ರ ಮಾರ್ಚಿನಲ್ಲಿ ಕೂಜಿಮಲೆ, ಐನೆಕಿದು, ಏಪ್ರಿಲಿನಲ್ಲಿ ನಮ್ಮ ಬಿಳಿನೆಲೆಯ ಚೇರು ಎಂಬಲ್ಲಿ ನಕ್ಸಲರು ಮನೆಗಳಿಗೆ ಬಂದು ಹೋದರೆಂಬ ಸುದ್ದಿಯಾಗಿ ನಕ್ಸಲ್ ನಿಗ್ರಹ ದಳದವರು ಕಾಡು ಜಾಲಾಡಿದರು. ಲೋಕಸಭಾ ಚುನಾವಣೆಯ ಹೊತ್ತು ಬೇರೆ. ಯಾರ ಅಂಗಡಿಯಲ್ಲಿ ಯಾರು ಹೆಚ್ಚು ಅಕ್ಕಿ ಕೊಂಡರು ಎಂಬ ಮಾತು ಊರಲ್ಲಿ ಓಡಾಡಿತು, ಕಾಡಂಚಿನ ಮನೆಯವರು ಅಂಗಡಿಗೆ ಬರಲೇ ಹಿಂಜರಿದರು. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದ ಮೇಲೆ ಆ ಅಧ್ಯಾಯ ಮುಗಿಯಿತು. ಹಿಂಜರಿದ ಮನೆಗಳವರು ಮತ್ತೆ ಮೊದಲಿನಂತೆ ನಗುತ್ತಾ ಬರಲು ಇನ್ನೂ ಕೆಲವು ತಿಂಗಳು ಬೇಕಾಯಿತು.

ಹಾಗಾದರೆ ಎಚ್ಚರವೇ ಬೇಡವೇ? ಬೇಕು. ಎಚ್ಚರ ಹೇಗಿರಬೇಕು ಎಂಬುದಕ್ಕೆ ನೆಟ್ಟಣದಲ್ಲೇ ಮಾದರಿ ಉಂಟು. ಪ್ರತಿ ಮಳೆಗಾಲ ರೈಲ್ವೆಯವರು ಘಟ್ಟದ ಹಳಿಗೆ ಕಾವಲು ಹಾಕುತ್ತಾರೆ. ದೀಪ, ಕೊಡೆ, ಬಾವುಟ ಹಿಡಿದ ಟ್ರ್ಯಾಕ್‌ಮನ್‌ಗಳು ರಾತ್ರಿಯಿಡೀ ಹಳಿಯ ಮೇಲೆ ನಡೆಯುತ್ತಾರೆ. ಅಪಾಯದ ಜಾಗಗಳಲ್ಲಿ ಒಬ್ಬರು ನಿಂತೇ ಇರುತ್ತಾರೆ. ಬರೆ ಬಿರುಕು ಬಿಟ್ಟಿದೆಯೇ, ಚರಂಡಿಯ ನೀರು ಕೆಂಪಾಗಿದೆಯೇ, ಬಂಡೆ ಸರಿದಿದೆಯೇ ಎಂದು ನೋಡಬೇಕು, ಕಂಡರೆ ಗಾಡಿ ನಿಲ್ಲಿಸಬೇಕು. 2018ರ ಆಗಸ್ಟಿನಲ್ಲಿ ಘಟ್ಟ ಕುಸಿದು ವಾರಗಟ್ಟಲೆ ಗಾಡಿ ನಿಂತದ್ದನ್ನು ಕಂಡ ನಮಗೆ ಆ ನಡಿಗೆಯ ಬೆಲೆ ಗೊತ್ತು. ನಮ್ಮಲ್ಲಿ ಚಾಕ್ಕೆ ಬಂದ ಒಬ್ಬ ಟ್ರ್ಯಾಕ್‌ಮನ್‌ರನ್ನು, ಕತ್ತಲಲ್ಲಿ ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದ್ದೆ. “ಎಂತ ನೋಡ್ಬೇಕು ಅಂತ ಗೊತ್ತಿದ್ದರೆ ಹೆದರಿಕೆ ಇಲ್ಲ ಅಕ್ಕಾ, ಗೊತ್ತಿಲ್ಲದಿದ್ದರೆ ಪ್ರತಿ ಮರವೂ ಆನೆಯೇ” ಎಂದರು.

ಬಾಂಬಿನ ಕಟ್ಟೆಚ್ಚರ ಘೋಷಣೆಯಾದಾಗ ನಮಗೆ ಸಿಗುವುದು ಬರೀ ಆ ಘೋಷಣೆ. ಏನು ನೋಡಬೇಕು, ಎಷ್ಟು ದಿನ ನೋಡಬೇಕು ಎಂದು ಯಾರೂ ಹೇಳುವುದಿಲ್ಲ. ಆಗ ಪ್ರತಿ ಮರವೂ ಆನೆಯಾಗುತ್ತದೆ, ಪ್ರತಿ ಗಡ್ಡ, ಪ್ರತಿ ಬುರ್ಖಾ, ಪ್ರತಿ ಬೇರೆ ಭಾಷೆ ಅನುಮಾನವಾಗುತ್ತದೆ. ಅಪಾಯ ಮಾಡುವವನು ಅಷ್ಟರಲ್ಲಿ ಬೇರೆ ಹೆಸರಿನ ಕಾರ್ಡು ಇಟ್ಟುಕೊಂಡು ನಮ್ಮ ನಡುವೆಯೇ ನಡೆದುಹೋಗಿರುತ್ತಾನೆ.

ಅದಕ್ಕೆ ನನ್ನ ಬೇಡಿಕೆಗಳು ಸರಳ. ಕಟ್ಟೆಚ್ಚರಕ್ಕೆ ಶುರುವಿನ ದಿನಾಂಕ ಇರುವ ಹಾಗೆ ಮುಗಿಯುವ ದಿನಾಂಕವೂ ಇರಲಿ. ನಿಲ್ದಾಣದೆದುರಿನ ರಿಕ್ಷಾ ಪಾರ್ಕು, ಹೋಟೆಲು, ಲಾಡ್ಜು, ಹಣ್ಣಿನಂಗಡಿಯವರನ್ನು ಕೂರಿಸಿ ವರ್ಷಕ್ಕೊಮ್ಮೆ ತರಬೇತಿ ಕೊಡಲಿ: ಒಡೆಯನಿಲ್ಲದ ಚೀಲ ಕಂಡರೆ ಮುಟ್ಟದೆ ಜನರನ್ನು ಸರಿಸುವುದು ಹೇಗೆ, ಎಷ್ಟು ದೂರ ನಿಲ್ಲಬೇಕು, ರೈಲ್ವೆಯ 139ಕ್ಕೋ ಪೊಲೀಸರ 112ಕ್ಕೋ ಏನೆಂದು ಹೇಳಬೇಕು. ಅಪರಿಚಿತರನ್ನು ದಿನವೂ ನೋಡುವವರು ನಾವು. ಯಾರ ಕೈಯಲ್ಲಿ ಭಾರ ಇದೆ, ಯಾರು ಭಾರ ಬಿಟ್ಟು ಹೋದರು ಎಂಬುದು ನಮ್ಮ ಕಣ್ಣಿಗೆ ಬೀಳುವಷ್ಟು ಬೇಗ ಕ್ಯಾಮರಾಕ್ಕೆ ಬೀಳುವುದಿಲ್ಲ. ನೆಟ್ಟಣದಲ್ಲಿ ಭಕ್ತರು ಸಾಮಾನು ಇಡಲು ಎಕ್ಸ್‌ರೇ ಯಂತ್ರವಿರುವ, ಬೀಗವಿರುವ ಒಂದು ಸಾರ್ವಜನಿಕ ಕೊಠಡಿಯೂ ಬೇಕು. ಯಂತ್ರ ಎಲ್ಲರ ಬ್ಯಾಗನ್ನೂ ಒಂದೇ ರೀತಿ ನೋಡುತ್ತದೆ. ಯಾರೂ ತಮ್ಮ ಆಸ್ಪತ್ರೆಯ ಫೈಲು ಬಿಚ್ಚಿ ತೋರಿಸಬೇಕಿಲ್ಲ. ಅಲ್ಲಿ ಕೊಡುವ ಚೀಟಿಯ ಮೇಲೆ ನಂಬರು ಇದ್ದರೆ ಸಾಕು.

ಕಾಲ ಬದಲಾಯಿತು, ಹಳೆಯ ನಂಬಿಕೆ ಇನ್ನು ಬರುವುದಿಲ್ಲ ಎಂದು ನಮ್ಮೂರಿನ ಹಿರಿಯರೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಪ್ಪನ ನಂಬಿಕೆ ಕಣ್ಣುಮುಚ್ಚಿದ ನಂಬಿಕೆ ಆಗಿರಲಿಲ್ಲ. ರೇಡಿಯೋ ಹಾಕಿ ನೋಡಿದವರು ಅವರು. ಕಣ್ಣು ತೆರೆದೇ ನಂಬುವುದು ಸಾಧ್ಯ ಎಂದು ಈ ನಿಲ್ದಾಣದ ಎದುರು ಮೂವತ್ತು ವರ್ಷ ನಡೆಸಿ ತೋರಿಸಿದ್ದಾರೆ. ಭಯ ಹಬ್ಬಿಸುವವರಿಗೆ ಬೇಕಿರುವುದು ನಾವು ಒಬ್ಬರನ್ನೊಬ್ಬರು ಅನುಮಾನಿಸುವುದು. ಬಾಂಬು ಅದಕ್ಕೆ ಸಾಧನ ಮಾತ್ರ. ಬಾಂಬನ್ನು ಹುಡುಕುವ ಕೆಲಸದಲ್ಲಿ ಪೊಲೀಸರ ಜೊತೆ ನಿಲ್ಲೋಣ, ಬಸ್ಸಿನಲ್ಲಿ ಪಕ್ಕ ಕೂತವರ ಹೆಸರು ಹುಡುಕುವ ಕೆಲಸವನ್ನು ಮಾತ್ರ ಯಾರು ಹೇಳಿದರೂ ಮಾಡದಿರೋಣ.